“ನೀವು ಯಾವಾಗ ಕನ್ವರ್ಟ್ ಆದ್ರಿ?” ಅಂತ ಕೇಳೋರಿಗೆಲ್ಲ

ಆಗಿಲ್ಲ. ಹುಟ್ಟಿದ್ದೇ ಹೀಗೆ. ಉತ್ತರ ಇಷ್ಟೇ, ಆದ್ರೆ ಇಷ್ಟಕ್ಕೆ ಯಾರೂ ಬಿಡಲ್ಲ, ಅದಕ್ಕೆ ಒಂದ್ಸಲ ಬರೆದು ಹಾಕ್ತಿದೀನಿ, ಇನ್ಮುಂದೆ ಕೇಳಿದವರಿಗೆ ಲಿಂಕ್ ಕಳಿಸಿ ನಾನು ಕಾಫಿ ಕುಡೀತೀನಿ.

ಕೇಳೋ ಸ್ಟೈಲ್ ನೋಡ್ಬೇಕು ನೀವು. ಮೊದಲು ಹೆಸರು, ಆಮೇಲೆ ಊರು. ಮಂಗಳೂರು ಅಂದ ತಕ್ಷಣ “ಓ, ಮನೇಲಿ ಕೊಂಕಣಿನಾ?” ಅಂತಾರೆ. ಅಲ್ಲ ಮಾರಾಯ್ರೆ, ಅವರು ಕ್ಯಾಥೊಲಿಕರು, ನಾವು ಪ್ರೊಟೆಸ್ಟೆಂಟರು, ಚರ್ಚ್ ಆಫ್ ಸೌತ್ ಇಂಡಿಯಾ ಅಂದ್ರೆ ಸಿಎಸ್‌ಐ, ಮನೇಲಿ ತುಳು, ಚರ್ಚಲ್ಲಿ ಕನ್ನಡ. ಆಗ ದನಿ ತಗ್ಗುತ್ತೆ, ಮನೇಲಿ ಯಾರಿಗೋ ದೊಡ್ಡ ಕಾಯಿಲೆ ಇದ್ರೆ ವಿಚಾರಿಸ್ತಾರಲ್ಲ ಹಾಗೆ: “ಮತ್ತೆ... ನೀವು ಯಾವಾಗ...?” ಧೈರ್ಯ ಜಾಸ್ತಿ ಇರೋರು “ಏನ್ ಕೊಟ್ರಂತೆ ಆಗ?” ಅಂತಾನೂ ಕೇಳಿಬಿಡ್ತಾರೆ.

ಕೊಟ್ಟಿದ್ದು ಹೆಂಚಿನ ಕಾರ್ಖಾನೇಲಿ ಕೆಲಸ. ಸುಳ್ಳ್ಯಾಕೆ ಹೇಳ್ಲಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದ್ರು, ಕ್ರೈಸ್ತರಾದವರನ್ನ ಜಾತಿಯವರು ಮನೆಯವರು ಹೊರಗೆ ಹಾಕಿದ್ರು, ಹೊಟ್ಟೆಪಾಡಿಗೆ ಏನಾದ್ರೂ ಬೇಕಲ್ಲ, ಮಿಷನ್ನೇ ನೇಯ್ಗೆ ಶುರು ಮಾಡ್ತು, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕ್ತು. ನನ್ನ ಮುತ್ತಜ್ಜ ಅಲ್ಲಿ ಮಣ್ಣು ಕಲಸಿದವರು. ಆ ಹೆಂಚು ನಿಮ್ಮಜ್ಜನ ಮನೆ ಮೇಲೂ ಇತ್ತೋ ಏನೋ, ನಾವ್ಯಾರಾದ್ರೂ ಬಂದು ಲೆಕ್ಕ ಕೇಳಿದೀವಾ? ಜುಲೈ 1 ಬಂದ್ರೆ ಪತ್ರಿಕಾ ದಿನಾಚರಣೆ ಅಂತ ಮೋಗ್ಲಿಂಗ್ ಫೋಟೋಗೆ ಹಾರ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದ ಪುಣ್ಯಾತ್ಮ ಅಂತ. 1894ರ ಕಿಟೆಲ್ ನಿಘಂಟೂ ಬೇಕು. ಇಬ್ಬರೂ ಮಿಷನರಿಗಳು, ಆ ಮಾತು ಮಾತ್ರ ಭಾಷಣದಲ್ಲಿ ಗಂಟಲು ದಾಟಲ್ಲ.

ಇರ್ಲಿ. ಸಿಟ್ಟಲ್ಲಿ ಎಲ್ಲಿಗೋ ಹೋದೆ.

2022, ಮತಾಂತರ ನಿಷೇಧ ಕಾಯ್ದೆ ಬಂದ ವರ್ಷ. ಬೆಂಗಳೂರಲ್ಲಿ ನಮ್ಮ ಕೆಳಗಿನ ಮನೆ ಅಂಕಲ್‌ಗೆ ಬೈಪಾಸ್ ಆಗಿತ್ತು. ನಮ್ಮ ಸಭೆಯ, ಅಂದ್ರೆ ಚರ್ಚಿನ, ಸ್ತ್ರೀಯರ ಕೂಟದಲ್ಲಿ ಒಂದು ಪದ್ಧತಿ ಇದೆ, ಗೊತ್ತಿದ್ದವರು ಆಸ್ಪತ್ರೆಲಿದ್ರೆ ಸರದಿ ಮೇಲೆ ಊಟ ಕೊಡೋದು. ನನ್ನ ಸರದಿ ದಿನ ಗಂಜಿ, ಹೆಸರುಕಾಳು ಪಲ್ಯ ಕ್ಯಾರಿಯರ್‌ಗೆ ಹಾಕ್ಕೊಂಡು ಹೋದೆ. ಆಂಟಿ ಕೈ ಹಿಡ್ಕೊಂಡು “ಒಂದು ಪ್ರೇಯರ್ ಮಾಡಮ್ಮ” ಅಂದ್ರು. ನಾನು ಪಕ್ಕದ ಬೆಡ್ ಕಡೆ ನೋಡ್ದೆ. ಅಲ್ಲೊಬ್ಬ ಹುಡುಗ ಮೊಬೈಲ್ ಹಿಡ್ಕೊಂಡು ಕೂತಿದ್ದ, ವಿಡಿಯೋ ಮಾಡಿಬಿಟ್ರೆ? ಉಡುಗೊರೆ ಕೊಟ್ರೂ ಆಮಿಷ ಅಂತ ಕಾನೂನಲ್ಲಿದೆ, ಗಂಜಿ ಯಾವ ಲೆಕ್ಕಕ್ಕೆ ಬರುತ್ತೆ? “ಮನೆಗೆ ಹೋಗಿ ಮಾಡ್ತೀನಿ ಆಂಟಿ” ಅಂದೆ.

“ಯಾಕೆ, ಇಲ್ಲಿಂದ ಮಾಡಿದ್ರೆ ನಿಮ್ಮ ದೇವ್ರಿಗೆ ಕೇಳ್ಸಲ್ವಾ?”

ಕ್ಯಾರಿಯರ್ ಕೈಲಿ ಹಾಗೇ ಹಿಡ್ಕೊಂಡು ಮಾಡ್ದೆ. ಎರಡು ನಿಮಿಷ ಇರಬಹುದು, ಅರ್ಧ ಕಣ್ಣು ಬಿಟ್ಕೊಂಡೇ. ಅಂಕಲ್ ದಿಂಬಿನ ಅಡಿಯಿಂದ ರಾಯರ ಮಠದ ಮಂತ್ರಾಕ್ಷತೆ ಪೊಟ್ಟಣ ಇಣುಕ್ತಿತ್ತು. ಮೊಬೈಲ್ ಹುಡುಗ ಕ್ರಿಕೆಟ್ ನೋಡ್ತಿದ್ದ. ಆಟೋದಲ್ಲಿ ವಾಪಸ್ ಬರ್ತಾ ನನಗೆ ನಾಚಿಕೆ ಆಯ್ತು. ಚಿಕ್ಕಂದಿನಿಂದ ಸಂಡೇಸ್ಕೂಲಲ್ಲಿ “ಹೋಗಿ ಸಾರಿರಿ” ಅಂತ ಬಾಯಿಪಾಠ ಮಾಡಿದ ನನಗೆ, ಕೇಳ್ಕೊಂಡವರಿಗೆ ಪ್ರಾರ್ಥನೆ ಮಾಡೋಕೂ ಹುಡುಗನ ಮೊಬೈಲ್ ನೋಡ್ಬೇಕಾಯ್ತು.

ಅದಕ್ಕೇ ಹೇಳೋದು, ಕೇಳೋದಾದ್ರೆ ಯಾವಾಗ ಬಂದ್ರಿ ಅಂತ ಬೇಡ, ಇನ್ನೂ ಯಾಕೆ ಇದೀರಿ ಅಂತ ಕೇಳಿ. ಅದು ಕಷ್ಟದ ಪ್ರಶ್ನೆ. ನಮ್ಮ ಸಭೇಲಿ ಎರಡು ಮನೆಯವರು ಕಮಿಟಿ ಎಲೆಕ್ಷನ್ ಜಗಳಕ್ಕೆ ಆರು ವರ್ಷದಿಂದ ಮಾತಾಡ್ತಿಲ್ಲ. ಮದುವೆ ಮಾತು ಬಂದ್ರೆ ಕ್ರಿಸ್ತನಲ್ಲಿ ಎಲ್ಲರೂ ಒಂದೇ ಅನ್ನೋರೇ ಮೆಲ್ಲಗೆ ‘ಮೂಲ’ ವಿಚಾರಿಸ್ತಾರೆ. ಸುವಾರ್ತೆ ಬಗ್ಗೆ ಮುಕ್ಕಾಲು ಗಂಟೆ ಪ್ರಸಂಗ ಕೇಳಿ ಆಮೆನ್ ಅಂದವರಲ್ಲಿ ಪಾತ್ರೆ ತೊಳೆಯೋಕೆ ಉಳಿಯೋದು ನಾಲ್ಕೇ ಜನ, ಅದೂ ಪ್ರತಿ ಸಲ ಅದೇ ನಾಲ್ಕು ಜನ.

ಆದ್ರೂ ಬೆಳೆ ಹಬ್ಬದ ದಿನ ಬಂದು ನೋಡಿ. ಜನ ತಂದ ಬಾಳೆಗೊನೆ, ತೆಂಗಿನಕಾಯಿ, ನಾಟಿ ಕೋಳಿ ಎಲ್ಲ ಹರಾಜಿಗೆ. ಹೋದ ವರ್ಷ ಒಂದು ಕುಂಬಳಕಾಯಿ 1,800 ರೂಪಾಯಿಗೆ ಹೋಯ್ತು. ಕೂಗಿ ತಗೊಂಡವರು ಅದನ್ನ ವಾಪಸ್ ಟೇಬಲ್ ಮೇಲಿಟ್ಟು ಮತ್ತೆ ಹರಾಜು ಹಾಕಿ ಅಂದ್ರು. ಎರಡನೇ ಸಲ ಕೂಗಿದ್ದು ಯಾರು ಗೊತ್ತಾ? ಇವರ ಜೊತೆ ಮಾತು ಬಿಟ್ಟ ಆ ಇನ್ನೊಂದು ಮನೆ ಯಜಮಾನ್ರು, 2,000ಕ್ಕೆ, ಇವರ ಮುಖ ನೋಡದೇನೇ. ರಾಜಿನೋ, ಹಠವೋ? ನನಗಂತೂ ಇವತ್ತಿಗೂ ಗೊತ್ತಾಗಿಲ್ಲ. ದುಡ್ಡು ಮಾತ್ರ ಒಬ್ಬರ ಡಯಾಲಿಸಿಸ್‌ಗೆ ಹೋಯ್ತು.

ಅಂಕಲ್ ಹುಷಾರಾಗಿ ಮನೆಗೆ ಬಂದ್ಮೇಲೆ ಆಂಟಿ ಕ್ಯಾರಿಯರ್ ವಾಪಸ್ ಕೊಡೋಕೆ ಬಂದ್ರು. ಖಾಲಿ ಕೊಡಬಾರದು ಅಂತ ಒಬ್ಬಟ್ಟು ಹಾಕಿದ್ರು, ತುಪ್ಪ ಬೇರೆ ಡಬ್ಬೀಲಿ. ಬಾಗಿಲಲ್ಲೇ ನಿಂತು ಒಂದು ಬಾಯಿಗೆ ಹಾಕ್ಕೊಂಡೆ. ಆಂಟಿ ಚಪ್ಪಲಿ ಹಾಕ್ಕೊಳ್ತಾ ತಿರುಗಿ ದನಿ ತಗ್ಗಿಸಿದ್ರು: “ಕೇಳ್ತೀನಿ ಅಂತ ಬೇಜಾರ್ ಮಾಡ್ಕೋಬೇಡಮ್ಮ, ನೀವು ಯಾವಾಗ ಕನ್ವರ್ಟ್ ಆಗಿದ್ದು?”

ಬಾಯ್ತುಂಬ ಒಬ್ಬಟ್ಟಿತ್ತು.