ವಿಜಯಪುರದಿಂದ ಬಾದಾಮಿಗೆ ಬೈಕ್ ಮೇಲೆ: ಮೊದಲು ಬಾಕ್ಸ್ ತುಂಬಿ, ಆಮೇಲೆ ಲೈಟ್ ಹೊಂದಿಸಿ

ನಾವು ಹೊರಟಿದ್ದು ಡಿಸೆಂಬರ್‌ನಲ್ಲಿ, ಕಬ್ಬಿನ ಸೀಸನ್. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ರಾತ್ರಿಯೂ ಓಡುತ್ತವೆ. ಎಷ್ಟೋ ಟ್ರಾಲಿಗಳ ಹಿಂದೆ ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಅದಕ್ಕೇ ಬೈಕ್‌ಗೆ ಎರಡು ಫಾಗ್ ಲೈಟ್ ಹಾಕಿಸಿದ್ದೆ. ಜೊತೆಗೆ ಎರಡು ಅಲ್ಯೂಮಿನಿಯಂ ಸೈಡ್ ಬಾಕ್ಸ್, ಒಂದು ಟಾಪ್ ಬಾಕ್ಸ್.

ತಪ್ಪಿದ್ದು ಒಂದೇ ಕಡೆ. ಲೈಟ್ ಹೊಂದಿಸುವಾಗ ಬಾಕ್ಸ್ ಖಾಲಿ ಇತ್ತು. ಮರುದಿನ ಸಂಜೆ ಸಾಮಾನು ತುಂಬಿ, ಹಿಂದೆ ಗೆಳೆಯನನ್ನು ಕೂರಿಸಿಕೊಂಡು ಹೊರಟೆ. ಭಾರಕ್ಕೆ ಹಿಂದಿನ ಶಾಕ್ ಅಬ್ಸಾರ್ಬರ್ ಕುಸಿದು ಬೈಕಿನ ಮೂತಿ ಮೇಲೆದ್ದಿತ್ತು. ಮುಳವಾಡದ ಹತ್ತಿರ ಕತ್ತಲಾಯಿತು. ಬೇವಿನ ಮರದ ಟೊಂಗೆಗಳು ಎಲೆ ಎಣಿಸುವಷ್ಟು ಚೆನ್ನಾಗಿ ಕಾಣುತ್ತಿದ್ದವು, ಕಾಣಬೇಕಾದ ರಸ್ತೆ ಕಾಣುತ್ತಿರಲಿಲ್ಲ. ಎದುರಿನ ಲಾರಿಗಳು ಒಂದರ ಹಿಂದೊಂದು ಡಿಪ್ಪರ್ ಹೊಡೆದವು. ಅವರ ಕಣ್ಣು ಕುಕ್ಕುತ್ತಿದ್ದೇನೆ ಅಂತ ಗೊತ್ತಾದಾಗ ಎದೆ ಝಲ್ ಎಂದಿತು. ಎರಡೂ ಫಾಗ್ ಲೈಟ್ ಆರಿಸಿ, ನಿಧಾನಕ್ಕೆ ಕೊಲ್ಹಾರ ಸೇರಿದೆವು.

ಅಲ್ಲಿ ಬಾಗಿಲು ಹಾಕುತ್ತಿದ್ದ ಮೆಕ್ಯಾನಿಕ್ ಒಬ್ಬರು ನೋಡಿದ ಕೂಡಲೇ ಹೇಳಿದರು: "ಅಣ್ಣಾರ, ಇಬ್ರೂ ಗಾಡಿ ಮ್ಯಾಲೆ ಕುಂದರ್ರಿ. ಭಾರ ಬೀಳಲಾರ್ದ ಲೈಟ್ ಹೊಂದಂಗಿಲ್ರಿ." ಗೋಡೆಯಿಂದ ಸುಮಾರು 25 ಅಡಿ ದೂರ ಬೈಕ್ ನಿಲ್ಲಿಸಿದೆವು. ಅವರು ಗೋಡೆ ಮೇಲೆ ಲೈಟಿನ ಎತ್ತರಕ್ಕೆ ಚಾಕ್‌ಪೀಸಿನಿಂದ ಗೆರೆ ಎಳೆದರು. ಗೆರೆಯ ಕೆಳಗೆ ನಾಲ್ಕು ಬೆರಳು ಅಡ್ಡ ಇಟ್ಟು, ಬೆಳಕಿನ ಮೇಲಂಚು ಅಲ್ಲಿಗೆ ಇಳಿಯುವ ತನಕ ಬೋಲ್ಟ್ ಸಡಿಲಿಸಿ ಬಿಗಿದರು. ಶಾಕಿನ ಪ್ರೀಲೋಡನ್ನೂ, ಅಂದರೆ ಸ್ಪ್ರಿಂಗಿನ ಬಿಗಿತವನ್ನೂ, ಎರಡು ಹಲ್ಲು ಏರಿಸಿದರು.

ವೈರಿಂಗ್‌ಗೆ ಮಾತ್ರ ಜಿಪುಣತನ ಬೇಡ. ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಲೈಟಿನ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸಾಧನ) ಇಲ್ಲದೆ ಸೀದಾ ಸ್ವಿಚ್‌ಗೆ ಜೋಡಿಸಬೇಡಿ, ಸ್ವಿಚ್ ಬಿಸಿಯಾಗುತ್ತದೆ. 20 ವ್ಯಾಟಿನ ಎರಡು ಎಲ್‌ಇಡಿಗೆ 12 ವೋಲ್ಟಿನಲ್ಲಿ ಮೂರೂವರೆ ಆಂಪಿಯರ್ ಒಳಗೇ ಆಗುತ್ತದೆ, 5 ಆಂಪಿಯರ್ ಫ್ಯೂಸ್ ಸಾಕು. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ. ಎದುರಿಗೆ ವಾಹನ ಬಂದರೆ ಆರಿಸಲು ಹೆಬ್ಬೆರಳಿಗೆ ಸಿಗುವ ಕಡೆ ಸ್ವಿಚ್ ಹಾಕಿಸಿ. ಇದು ತುಂಬಾ ಮುಖ್ಯ.

ಬಾಕ್ಸಿಗೆ ತುಂಬುವಾಗ ಭಾರದ್ದೆಲ್ಲ ಸೈಡ್ ಬಾಕ್ಸಿನ ತಳಕ್ಕೆ, ಎರಡೂ ಕಡೆ ಸಮ. ಟಾಪ್ ಬಾಕ್ಸಿಗೆ ಮಳೆ ಕೋಟು, ಬಟ್ಟೆಯಂಥ ಹಗುರ ಸಾಮಾನು ಸಾಕು. ಅಲ್ಲಿ ಭಾರ ಜಾಸ್ತಿಯಾದರೆ ಹ್ಯಾಂಡಲ್ ಹಗುರಾಗಿ ತೂಗಾಡುತ್ತದೆ.

ಅವತ್ತು ಕೊಲ್ಹಾರದಲ್ಲೇ ಉಳಿದೆವು. ಬೆಳಿಗ್ಗೆ ಮಣ್ಣಿನ ಗಡಿಗೆಯ ಗಟ್ಟಿ ಮೊಸರು ಸವಿದೇ ಹೊರಟೆವು, ನೀವೂ ಬಿಡಬೇಡಿ. ಮುಂದಿನ ಕೃಷ್ಣಾ ಸೇತುವೆ ಬಲು ಉದ್ದ, ಎರಡೂ ಬದಿ ಬರೀ ನೀರು. ಅಡ್ಡಗಾಳಿ ಅಗಲವಾದ ಬಾಕ್ಸಿಗೆ ಬಡಿದು ಬೈಕನ್ನು ಪಕ್ಕಕ್ಕೆ ತಳ್ಳುತ್ತದೆ. ವೇಗ ಇಳಿಸಿ, ಹ್ಯಾಂಡಲ್ ಬಿಗಿ ಹಿಡಿಯದೆ ಸಾಗಿ.

ಅನಗವಾಡಿ ದಾಟಿ ಗದ್ದನಕೇರಿ ಕ್ರಾಸಿನಲ್ಲಿ ಚಹಾಕ್ಕೆ ನಿಂತಾಗ ಬಾಕ್ಸಿನ ಬೋಲ್ಟುಗಳನ್ನು ಮುಟ್ಟಿ ನೋಡಿದೆ. ಎಡಗಡೆಯ ಬೋಲ್ಟೊಂದು ಬೆರಳಿನಲ್ಲೇ ತಿರುಗಿತು. ಹೊಸದಾಗಿ ಕೂರಿಸಿದ ಬಾಕ್ಸ್ ಸ್ಟ್ಯಾಂಡ್, ಮೊದಲ ನೂರು ಕಿಲೋಮೀಟರ್‌ನಲ್ಲಿ ಸಡಿಲಾಗುವುದುಂಟು. ಅಲ್ಲೇ ಬಿಗಿದುಕೊಂಡು ಕೆರೂರು ಮೇಲೆ ಬಾದಾಮಿ ಸೇರಿದೆವು. ಪಾನಾ ಬಾಕ್ಸಿನ ತಳಕ್ಕೆ ಹಾಕಬೇಡಿ, ಎಲ್ಲಕ್ಕಿಂತ ಮೇಲಿರಲಿ.