ಗಂಧ ಬಂದ ಶನಿವಾರ

ಆವತ್ತು ಆಷಾಢದ ಶನಿವಾರ. ಬೆಳಗಿನಿಂದ ಜಿಟಿಜಿಟಿ ಮಳೆ. ಬಕೆಟ್‌ಗೆ ಬಿಸಿನೀರು ಬಿಟ್ಟ ಮೇಲೆ ನೋಡಿದರೆ ಸೋಪು ಮುಗಿದಿತ್ತು. ಬಾಗಿಲ ಸಂದಿಯಿಂದ ಕೈ ಚಾಚಿ ಮಗಳನ್ನು ಕೂಗಿದೆ. ಅವಳು ಹೊಸ ಮೈಸೂರ್ ಸ್ಯಾಂಡಲ್ ತಂದು ಕೈಗಿಟ್ಟಳು. ಪೆಟ್ಟಿಗೆಯ ಒಂದು ಬದಿ ಹರಿದೆ. ಮೊಟ್ಟೆಯಾಕಾರದ ಸೋಪು, ಮೇಲೆ ಉಬ್ಬಿದ ಮುದ್ರೆ. ಹೆಬ್ಬೆರಳು ಆ ಮುದ್ರೆಯ ಮೇಲೆ ಆಡುತ್ತಿದ್ದಾಗ ಮೂಗಿಗೆ ಏನೋ ತಾಕಿತು.

ಗಂಧ!

ಒಂದೇ ಒಂದು ಉಸಿರು. ಇನ್ನೊಮ್ಮೆ ಮೂಸಿದೆ, ಏನೂ ಇಲ್ಲ. ಮತ್ತೆ ಮೂಸಿದೆ, ಇಲ್ಲ. ಆದರೆ ಬಂದದ್ದು ನಿಜ. ಸೋಪನ್ನು ಮುಖಕ್ಕೆ ಒತ್ತಿ ಹಿಡಿದು ಅಲ್ಲೇ ನಿಂತುಬಿಟ್ಟೆ. ಬಕೆಟ್ ತುಂಬಿ ನೀರು ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸುವ ಗ್ಯಾನ ಇರಲಿಲ್ಲ.

ಐದು ತಿಂಗಳ ಹಿಂದೆ, ಮಾಘದಲ್ಲಿ, ನನಗೆ ಜ್ವರ ಬಂದಿತ್ತು. ನಾಲ್ಕೇ ದಿನಕ್ಕೆ ಬಿಟ್ಟಿತು. ಆದರೆ ಅದರ ಜೊತೆಗೆ ವಾಸನೆ ಗೊತ್ತಾಗುವುದೂ ನಿಂತುಹೋಯಿತು. ನೆಗಡಿ ಇರಲಿಲ್ಲ, ಮೂಗು ಕಟ್ಟಿರಲಿಲ್ಲ. ಸಾರಿನ ಒಗ್ಗರಣೆಗೆ ಇಂಗು ಹಾಕಿದೆ, ಘಮ ಬರಲಿಲ್ಲ. ಹಳೆಯ ಇಂಗು ಇರಬೇಕು ಅಂತ ಇನ್ನೊಂದು ಚಿಟಿಕೆ ಹಾಕಿದೆ. ಆಮೇಲೆ ಮತ್ತೊಂದು. ಊಟಕ್ಕೆ ಕೂತ ಮಾವ ಒಂದು ತುತ್ತು ಬಾಯಿಗಿಟ್ಟು ಮೆಲ್ಲಗೆ ಕೇಳಿದರು, "ಯಾಕಮ್ಮ, ಇಂಗು ಸ್ವಲ್ಪ ಜಾಸ್ತಿ ಆಯ್ತಾ?" ಆಗಲೇ ನನಗೆ ಗೊತ್ತಾದದ್ದು.

ರುಚಿ ಅನ್ನುವುದರಲ್ಲಿ ಹೆಚ್ಚಿನ ಪಾಲು ಮೂಗಿನದು. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿಯಂಥ ಕೆಲವೇ ಕೆಲವು. ಖಾರ ರುಚಿಯೇ ಅಲ್ಲ, ಅದು ಉರಿ. ಹಾಗಾಗಿ ಬಿಸಿಬೇಳೆಬಾತ್ ನನಗೆ ಬಿಸಿ, ಉಪ್ಪು, ಉರಿ, ಅಷ್ಟೇ. ಬೇಸಿಗೆಯಲ್ಲಿ ಮಾವಿನಹಣ್ಣು ಬಂತು, ಹೋಯಿತು. ತಿಂದದ್ದು ಬಾದಾಮಿಯೋ ರಸಪುರಿಯೋ ಹೇಳಲು ಆಗಲಿಲ್ಲ. ಸಿಹಿಯಾಗಿ, ಮೆತ್ತಗೆ ಇತ್ತು.

ಒಂದು ಮಧ್ಯಾಹ್ನ ಹಾಲ್‌ನಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಪಕ್ಕದ ಮನೆಯವರು ಬಾಗಿಲು ದಬದಬ ಬಡಿದರು. ಒಲೆಯ ಮೇಲಿನ ಬೇಳೆ ತಳ ಹಿಡಿದು, ಕರಕಲಾಗಿ, ಅಡುಗೆಮನೆ ತುಂಬ ಹೊಗೆ. ಹತ್ತು ಹೆಜ್ಜೆ ದೂರದಲ್ಲಿದ್ದ ನನಗೆ ಏನೂ ಗೊತ್ತಾಗಿರಲಿಲ್ಲ. ಆವತ್ತಿನಿಂದ ರಾತ್ರಿ ಮಲಗುವ ಮೊದಲು ಇವರು ಒಮ್ಮೆ, ನಾನು ಒಮ್ಮೆ ಗ್ಯಾಸ್ ರೆಗ್ಯುಲೇಟರ್ ಮುಟ್ಟಿ ನೋಡುವುದು ರೂಢಿಯಾಯಿತು. ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಬೇರೆಯೇ. ಮಗಳು ಶಾಲೆಯಿಂದ ಬಂದ ಕೂಡಲೇ ಅವಳ ಕತ್ತಿನ ಹತ್ತಿರ ಮೂಗಿಟ್ಟು ಮೂಸುವುದು ಅವಳು ಕೂಸಾಗಿದ್ದಾಗಿನಿಂದ ನನ್ನ ಅಭ್ಯಾಸ. ಬೆವರು, ಎಣ್ಣೆ, ಸೀಮೆಸುಣ್ಣ, ಟಿಫಿನ್ ಡಬ್ಬಿ ಎಲ್ಲ ಸೇರಿದ ಒಂದು ವಾಸನೆ ಅಲ್ಲಿರುತ್ತಿತ್ತು. ಈಗ ಮೂಗಿಟ್ಟರೆ ಬರೀ ಬೆಚ್ಚಗೆ.

ಕಿವಿ, ಮೂಗು, ಗಂಟಲಿನ ಡಾಕ್ಟರ್ ಒಂದು ಸಾಧನೆ ಹೇಳಿಕೊಟ್ಟರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ ಈ ನಾಲ್ಕನ್ನು ದಿನಕ್ಕೆ ಎರಡು ಸಲ, ಒಂದೊಂದನ್ನೂ ಇಪ್ಪತ್ತು ಸೆಕೆಂಡಿನಷ್ಟು ಮೂಸಬೇಕು. ಮೂಸುವಾಗ ಆ ವಾಸನೆ ಹೇಗಿತ್ತು ಅಂತ ಮನಸ್ಸಿಟ್ಟು ನೆನೆಸಿಕೊಳ್ಳಬೇಕು. ಕನಿಷ್ಠ ಮೂರು ತಿಂಗಳು ಬಿಡಬಾರದು. ಮೂಗಿನೊಳಗೆ ಮೇಲುಗಡೆ ಇರುವ ವಾಸನೆಯ ನರಕೋಶಗಳಿಗೆ ಮತ್ತೆ ಹುಟ್ಟುವ ಶಕ್ತಿ ಇದೆಯಂತೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮೆಲ್ ಮತ್ತು ಜೊತೆಯವರು ಈ ನಾಲ್ಕು ವಾಸನೆಗಳ ಅಭ್ಯಾಸದಿಂದ ಅನೇಕರಿಗೆ ಅನುಕೂಲವಾದದ್ದನ್ನು 2009ರಲ್ಲಿ ಪ್ರಕಟಿಸಿದರು. ಉಪ್ಪಿನಕಾಯಿಯ ಸಣ್ಣ ಶೀಸೆಗಳನ್ನು ತೊಳೆದು ಒಣಗಿಸಿ, ಹತ್ತಿ ಹಾಕಿ, ನಾನೂ ಶುರು ಮಾಡಿದೆ.

ಮೊದಲ ಎರಡು ವಾರಕ್ಕೇ ಬೇಜಾರಾಯಿತು. ಏನೂ ಬಾರದ ಶೀಸೆಯನ್ನು ಎಷ್ಟು ಅಂತ ಮೂಸುವುದು? ಆಗ ಕೈ ಹಿಡಿದವಳು ಮಗಳು. ಅದಕ್ಕೆ ದಾರಿ ತೋರಿಸಿದ್ದು ಟಿವಿ.

ನಮ್ಮ ಮನೆಯಲ್ಲಿ ರಾತ್ರಿ ಟಿವಿ ಮಾವನದ್ದು. ಅವರಿಗೆ ಚಂದನ ವಾಹಿನಿಯ 'ಥಟ್ ಅಂತ ಹೇಳಿ' ಬೇಕೇ ಬೇಕು. 2002ರಿಂದ ನಡೆದು ಬಂದ ಕಾರ್ಯಕ್ರಮ. ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳುವ ರೀತಿ ನನಗೆ ತುಂಬ ಇಷ್ಟ. ಗದ್ದಲ ಇಲ್ಲ, ಯಾರನ್ನೂ ಹೆದರಿಸುವುದಿಲ್ಲ, ಉತ್ತರ ಬಂದ ಮೇಲೆ ಅದರ ಹಿಂದಿನ ನಾಲ್ಕು ಮಾತು ಸಮಾಧಾನವಾಗಿ ಹೇಳುತ್ತಾರೆ. ಸರಿಯಾದ ಉತ್ತರಕ್ಕೆ ಕೊಡುವುದು ದುಡ್ಡಲ್ಲ, ಕನ್ನಡ ಪುಸ್ತಕ. ಅಡುಗೆಯಲ್ಲಿ ಸಂತೋಷ ಕಳೆದುಕೊಂಡು ಸುಮ್ನೆ ಕೂತಿರುತ್ತಿದ್ದ ಆ ದಿನಗಳಲ್ಲಿ ನಾನೂ ಮಾವನ ಪಕ್ಕ ಕೂತು ನೋಡುವುದು ಶುರುವಾಯಿತು. ವಚನದ ಅಂಕಿತ ಕೇಳಿದರೆ ಮಾವ ಮೊದಲು ಹೇಳುತ್ತಾರೆ. ಗಿಡಮರದ ಪ್ರಶ್ನೆ ಬಂದರೆ ನಾನು.

ಒಂದು ಸಂಜೆ ಮಗಳು ನನ್ನ ಕಣ್ಣಿಗೆ ದುಪಟ್ಟಾ ಕಟ್ಟಿದಳು. ನಾಲ್ಕು ಶೀಸೆಗಳನ್ನು ಹಿಂದೆ ಮುಂದೆ ಮಾಡಿ ಒಂದನ್ನು ಮೂಗಿಗೆ ಹಿಡಿದು, "ಥಟ್ ಅಂತ ಹೇಳಿ, ಇದು ಯಾವ ವಾಸನೆ?" ಅಂದಳು. ಸರಿ ಹೇಳಿದರೆ ಕಪಾಟಿನಿಂದ ಒಂದು ಪುಸ್ತಕ ಬಹುಮಾನ. ಆಟದ ನಿಯಮವನ್ನೂ ಅವಳೇ ಮಾಡಿದ್ದಳು. ಗೆದ್ದ ಪುಸ್ತಕವನ್ನು ನಾನು ಅವಳಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಎಷ್ಟೋ ದಿನ ನಾನು ಸೋತೆ. ಆ ಗಂಧದ ಶನಿವಾರ ಕಳೆದ ಮೂರನೇ ದಿನ ಲವಂಗ ಸಿಕ್ಕಿತು. ತೆಳ್ಳಗೆ, ದೂರದ ಮನೆಯಲ್ಲಿ ಯಾರೋ ಪಲಾವ್ ಮಾಡುತ್ತಿರುವ ಹಾಗೆ. "ಲವಂಗ" ಅಂದೆ. ಮಗಳು ಚಪ್ಪಾಳೆ ತಟ್ಟಿದಳು. ಮಾವ ಪೇಪರ್ ಕೆಳಗಿಟ್ಟು ಎದ್ದು ನಿಂತರು.

ಬಹುಮಾನವಾಗಿ ಬಂದ ಪುಸ್ತಕ ತೇಜಸ್ವಿಯವರ 'ಕರ್ವಾಲೋ'. 1980ರಲ್ಲಿ ಬಂದದ್ದು. ಕಾಲೇಜಿನಲ್ಲಿದ್ದಾಗ ಒಮ್ಮೆ ಓದಿದ್ದೆ, ಹಾರುವ ಓತಿಯ ಕಥೆ ಅಂತ ಮಾತ್ರ ನೆನಪಿತ್ತು. ಈ ಸಲ ತೆಗೆದ ಕೂಡಲೇ ಜೇನು. ಕಥೆ ಶುರುವಾಗುವುದೇ ಮೂಡಿಗೆರೆಯ ಜೇನು ಸೊಸೈಟಿಯಿಂದ ಅನ್ನುವುದು ನನಗೆ ಮರೆತೇ ಹೋಗಿತ್ತು. ಮೂಗಿಲ್ಲದವಳಿಗೆ ಜೇನಿನ ಪುಸ್ತಕ ಸಿಕ್ಕಿದಂತಾಯಿತು. ದಿನಕ್ಕೆ ಒಂದಿಷ್ಟು ಪುಟ ಓದುತ್ತಾ ಹೋದೆ. ಮಂದಣ್ಣನ ಕಥೆಗೆ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಅಮ್ಮಾ, ಹಾರೋ ಓತಿ ನಿಜವಾಗ್ಲೂ ಇದ್ಯಾ?" ಅಂತ ಕೇಳಿದಳು. ಇದೆ. ಸಾಗರದ ಹತ್ತಿರ ನಮ್ಮ ತವರಿನ ಅಡಿಕೆ ತೋಟದಲ್ಲಿ ನಾನೇ ನೋಡಿದ್ದೇನೆ. ಮರದ ಕಾಂಡಕ್ಕೆ ಅಂಟಿಕೊಂಡಿದ್ದರೆ ತೊಗಟೆಯೇ ಅನ್ನಿಸುತ್ತದೆ. ಗಂಡು ಓತಿ ಗಂಟಲ ಕೆಳಗಿನ ಹಳದಿ ಚರ್ಮವನ್ನು ಪಟಕ್ಕನೆ ಚಾಚಿ ಮಡಚುವಾಗ ಮಾತ್ರ ಗೊತ್ತಾಗುತ್ತದೆ. ಆಮೇಲೆ ಪಕ್ಕೆಲುಬುಗಳನ್ನು ಕೊಡೆಯ ಕಡ್ಡಿಗಳ ಹಾಗೆ ಬಿಚ್ಚಿ, ಚರ್ಮದ ರೆಕ್ಕೆ ಅಗಲಿಸಿ, ಈ ಮರದಿಂದ ಆ ಮರಕ್ಕೆ ತೇಲಿಬಿಡುತ್ತದೆ. ಇದನ್ನು ಹೇಳುವಾಗ ಮಳೆಗಾಲದ ತೋಟದ ವಾಸನೆ ನೆನಪಾಯಿತು. ಕೊಳೆತ ಸೋಗೆ, ಒದ್ದೆ ಮಣ್ಣು, ಏಲಕ್ಕಿ. ಮೂಗಿಗೆ ಬಾರದಿದ್ದರೂ ಒಂದೊಂದೂ ನೆನಪಿತ್ತು. ಡಾಕ್ಟರ್ ಹೇಳಿದ ಹಾಗೆ ಮನಸ್ಸಿಟ್ಟು ನೆನೆಸಿಕೊಳ್ಳುವುದನ್ನು ನನಗೆ ಕಲಿಸಿದ್ದು ಈ ಓದು.

ಇನ್ನು ಊಟದ ವಿಷಯ. ಈಚೆಗೆ ನನಗೆ ಎಲ್ಲಕ್ಕಿಂತ ಪ್ರೀತಿಯದು ಅಮ್ಮನ ಅಪ್ಪೆಮಿಡಿ. ಬೇಸಿಗೆಯಲ್ಲಿ ಅಮ್ಮ ಒಂದು ಜಾಡಿ ಕಳಿಸಿದ್ದಳು. ಜೀರಿಗೆ ಮಿಡಿ, ಹೊಳೆಬದಿಯ ಹಳೇ ಮರದ್ದು. ಅದರ ಹೆಚ್ಚುಗಾರಿಕೆಯೇ ಪರಿಮಳ. ತೊಟ್ಟು ಮುರಿದಾಗ ಸಿಡಿಯುವ ಸೊನೆಯಲ್ಲಿ ಜೀರಿಗೆಯದೇ ಘಮ ಇರುತ್ತದೆ. ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯಬೇಕು, ನೆಲಕ್ಕೆ ಬಿದ್ದು ಪೆಟ್ಟಾದರೆ ಕೆಡುತ್ತದೆ. ಉಪ್ಪಿನಲ್ಲಿ ಹಾಕಿಟ್ಟು, ಮಿಡಿ ಮುರುಟಿ ಸುಕ್ಕುಗಟ್ಟಿದ ಮೇಲೆ ಸಾಸಿವೆ, ಮೆಣಸಿನಪುಡಿ ಅರೆದು ಕಲಸುತ್ತಾರೆ. ಇಂಥದ್ದನ್ನು ಮೂಗಿಲ್ಲದೆ ತಿಂದು ಹಾಳು ಮಾಡಲು ನನಗೆ ಮನಸ್ಸು ಬಂದಿರಲಿಲ್ಲ. ಜಾಡಿಯ ಬಾಯಿಗೆ ಕಟ್ಟಿದ ಬಟ್ಟೆ ಹಾಗೇ ಇತ್ತು.

ಲವಂಗ ಸಿಕ್ಕಿದ ಮಾರನೇ ದಿನ ಅದನ್ನು ಬಿಚ್ಚಿದೆ. ಬಿಸಿ ಅನ್ನ, ಮಜ್ಜಿಗೆ, ಒಂದು ಮಿಡಿ. ತೊಟ್ಟು ಹಿಡಿದು ಕಚ್ಚಿದೆ. ಮೊದಲು ಉಪ್ಪು. ಆಮೇಲೆ ಹುಳಿ. ಆಮೇಲೆ ಸಾಸಿವೆಯ ಚುರುಕು. ಇಷ್ಟೇ ಇರಬೇಕು ಅಂದುಕೊಂಡು ನುಂಗಿದೆ. ನುಂಗಿದ ಮೇಲೆ, ಉಸಿರು ಬಿಡುವಾಗ, ಗಂಟಲ ಹಿಂದಿನಿಂದ ಮೇಲಕ್ಕೆ ಸೊನೆ ಬಂತು. ಊರಿಗೆ ಊರೇ ಬಂದ ಹಾಗೆ. ಕೈ ತೊಳೆಯದೆ, ಎಡಗೈಯಲ್ಲೇ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, "ಇನ್ನೊಂದು ಜಾಡಿ ಇದೆ, ಕಳಿಸ್ತೀನಿ, ಇದನ್ನ ಇಟ್ಟಿಟ್ಟು ತಿನ್ಬೇಡ" ಅಂದಳು. ದನಿ ಒದ್ದೆಯಾಗಿತ್ತು.

ನನ್ನ ಅಲಂಕಾರದ ಕಪಾಟೂ ಈಗ ಬದಲಾಗಿದೆ. ಮೊದಲು ಅಲ್ಲಿ ಏನೇನೋ ಸೀರಮ್, ಕ್ರೀಮ್, ಸೆಂಟು. ವಾಸನೆ ಮರಳುವ ಹೊತ್ತಿಗೆ ಅವುಗಳಲ್ಲಿ ಕೆಲವು ನನಗೆ ಸುಟ್ಟ ಪ್ಲಾಸ್ಟಿಕ್ಕಿನ ಹಾಗೆ ಬರತೊಡಗಿದವು. ಹೀಗೆ ವಾಸನೆ ತಿರುಚಿ ಬರುವುದು ಗುಣವಾಗುವಾಗ ಎಷ್ಟೋ ಜನರಿಗೆ ಆಗುತ್ತದೆ. ಗಂಧದ ಸೋಪು ಮಾತ್ರ ಒಂದು ದಿನವೂ ಕೆಟ್ಟದಾಗಿ ಬರಲಿಲ್ಲ. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸೀಮೆಯ ಗಂಧದ ಮರ ಎಣ್ಣೆ ತೆಗೆಯಲು ಜರ್ಮನಿಯಂಥ ದೇಶಗಳಿಗೆ ಹೋಗುತ್ತಿತ್ತು. ಯುದ್ಧದಿಂದ ಹಡಗು ನಿಂತು ಮರ ಇಲ್ಲೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸೋಪಿನ ಕಾರ್ಖಾನೆ ಹುಟ್ಟಿತು. ಒಂದು ಕಾಲಕ್ಕೆ ನಮ್ಮ ಗಂಧ ಹೋಗುತ್ತಿದ್ದ ದೇಶದಿಂದಲೇ ನನ್ನ ನಾಲ್ಕು ಶೀಸೆಗಳ ಉಪಾಯ ಬಂತಲ್ಲ ಅಂತ ಸೋಪು ಕೈಗೆತ್ತಿಕೊಂಡಾಗೆಲ್ಲ ಅನ್ನಿಸುತ್ತದೆ.

ಆ ಐದು ತಿಂಗಳು ನಾನು ಕನಕಾಂಬರ ಮುಡಿಯುತ್ತಿದ್ದೆ. ಅದಕ್ಕೆ ಬಣ್ಣ ಉಂಟು, ಪರಿಮಳ ಇಲ್ಲ. ನನಗೂ ಅದಕ್ಕೂ ಸರಿಹೋಗಿತ್ತು. ಮಲ್ಲಿಗೆ ಕಂಡರೆ ಸಂಕಟ ಆಗುತ್ತಿತ್ತು. ಶ್ರಾವಣದ ಮೊದಲ ಶುಕ್ರವಾರ ಗಾಂಧಿ ಬಜಾರ್‌ನಲ್ಲಿ ಹೂವಿನ ಅಜ್ಜಿ ಎಂದಿನಂತೆ ಕನಕಾಂಬರಕ್ಕೆ ಕೈ ಹಾಕಿದರು. "ಬೇಡ ಅಜ್ಜಿ, ಇವತ್ತು ಮಲ್ಲಿಗೆ ಎರಡು ಮೊಳ" ಅಂದೆ. ಅವರು ಮೊಣಕೈಯಿಂದ ಬೆರಳ ತುದಿಗೆ ಎರಡು ಸಲ ಅಳೆದು, ಮೇಲೆ ನಾಲ್ಕು ಬೆರಳು ಜಾಸ್ತಿ ಬಿಟ್ಟು ಹರಿದರು. ಬಾಳೆಎಲೆಯಲ್ಲಿ ಕಟ್ಟಿದ್ದನ್ನು ಆಟೋದಲ್ಲೇ ಬಿಚ್ಚಿ ಮಡಿಲಲ್ಲಿಟ್ಟುಕೊಂಡೆ. ಮನೆ ಬರುವವರೆಗೂ ಬರುತ್ತಿತ್ತು, ಹೋಗುತ್ತಿತ್ತು, ಬರುತ್ತಿತ್ತು.

ಎಲ್ಲವೂ ಮರಳಿಲ್ಲ. ಬೆಳ್ಳುಳ್ಳಿ ಒಗ್ಗರಣೆ ಈಗಲೂ ಚರಂಡಿಯ ಹಾಗೆ ಬರುತ್ತದೆ, ಇವರು ಹೋಟೆಲ್‌ಗೆ ಹೋದಾಗ ತಿಂದು ಬರುತ್ತಾರೆ. ಕಾಫಿ ಸುಟ್ಟ ರಬ್ಬರ್. ದಿನಕ್ಕೆ ಮೂರು ಲೋಟ ಕುಡಿಯುತ್ತಿದ್ದವಳು ನಾನು. ಪ್ರತಿ ಭಾನುವಾರ ಇವರ ಲೋಟದಿಂದ ಒಂದು ಗುಟುಕು ಕುಡಿದು ನೋಡುತ್ತೇನೆ. ಹೋದ ಭಾನುವಾರವೂ ಕುಡಿದೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ರಬ್ಬರ್ ಇತ್ತು. ಅದರ ಹಿಂದೆ ಕಾಯಿಸಿದ ಹಾಲಿನ ವಾಸನೆಯೂ ಇತ್ತು.

"ಥಟ್ ಅಂತ ಹೇಳಿ," ಅಂದಳು ಮಗಳು.

"ಹಾಲು," ಅಂದೆ. ಅವಳು ಪುಸ್ತಕದ ಕಪಾಟಿನ ಕಡೆ ಓಡಿದಳು.