ನೀರು ಇಳಿದ ದಡದ ಹುಲ್ಲು: ಏಪ್ರಿಲ್‌ನ ಕಬಿನಿ

ನಾಗರಹೊಳೆಗೆ ಹೋಗುವವರು ಸಾಮಾನ್ಯವಾಗಿ ಮಳೆ ಮುಗಿದು ಕಾಡು ಹಸಿರಾಗಿರುವ ತಿಂಗಳುಗಳನ್ನೇ ಆರಿಸಿಕೊಳ್ಳುತ್ತಾರೆ. ಏಪ್ರಿಲ್‌ನಲ್ಲಿ ತೇಗ, ಮತ್ತಿಗಳು ಬೋಳಾಗಿ ರಸ್ತೆಯ ಮೇಲೆ ಕೆಂಪು ದೂಳು ಏಳುತ್ತಿರುತ್ತದೆ. ಆದರೆ ಕಾಡು ಕಳೆದುಕೊಂಡ ಹಸಿರೆಲ್ಲ ಕಾಡಂಚಿನ ಕಬಿನಿ ಹಿನ್ನೀರಿನ ದಡಕ್ಕೆ ಬಂದಿರುತ್ತದೆ. ಈ ಪ್ರವಾಸದಲ್ಲಿ ಕಣ್ಣು ನೆಟ್ಟಿದ್ದು ಅಲ್ಲೇ.

ಮೈಸೂರಿನಿಂದ ಮಾನಂದವಾಡಿ ರಸ್ತೆ ಹಿಡಿದು ಹಂಪಾಪುರ, ಹ್ಯಾಂಡ್‌ಪೋಸ್ಟ್, ಎಚ್.ಡಿ. ಕೋಟೆ, ಅಂತರಸಂತೆ ದಾಟಿದರೆ ದಮ್ಮನಕಟ್ಟೆಯ ಸಫಾರಿ ಕೇಂದ್ರ. ದಾರಿ ಸುಮಾರು 75 ಕಿ.ಮೀ. ಊಟ, ಪೆಟ್ರೋಲು ಎರಡನ್ನೂ ಕೋಟೆಯಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು.

ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ವಯನಾಡಿನ ಮಳೆಗೆ ಜುಲೈ, ಆಗಸ್ಟ್ ಹೊತ್ತಿಗೆ ನೀರು ಸಮುದ್ರಮಟ್ಟದಿಂದ 2284 ಅಡಿಯ ಪೂರ್ಣ ಮಟ್ಟ ಮುಟ್ಟುತ್ತದೆ. ಬಳಿಕ ಗದ್ದೆಗೂ ಕುಡಿಯಲೂ ಬಿಡುತ್ತ ಬಿಡುತ್ತ ಬೇಸಗೆಗೆ ತಳ ಕಾಣತೊಡಗುತ್ತದೆ. ಈ ದಡದ ಇಳಿಜಾರು ತೀರಾ ಕಡಿಮೆ. ನೀರು ಒಂದಡಿ ಇಳಿದರೂ ಅಗಲವಾದ ಪಟ್ಟಿಯಷ್ಟು ನೆಲ ಹೊರಬೀಳುತ್ತದೆ. ಹೂಳು ಕೂತ ಆ ಹಸಿ ನೆಲದಲ್ಲಿ ಮಳೆಯಿಲ್ಲದೆಯೇ ಹುಲ್ಲು ಚಿಗುರುತ್ತದೆ. ಮೇಲಿನ ಪಟ್ಟಿಯ ಹುಲ್ಲು ಬಲಿತು ಒರಟಾಗುವಷ್ಟರಲ್ಲಿ ಕೆಳಗೆ ಹೊಸ ಪಟ್ಟಿ ಎಳೆಯದಾಗಿ ಎದ್ದಿರುತ್ತದೆ. ಹಾಗಾಗಿ ಆನೆಗಳನ್ನು ಹುಡುಕಬೇಕಾದ್ದು ನೀರಿನ ಅಂಚಿನಲ್ಲಿ.

ಗೈಡ್ ಆಗಿ ಬಂದಾತ ಆ ಕಡೆಯ ಹಳ್ಳಿಯವನೇ. ‘ನೀರು ಇಳೀಬೇಕು ಸಾರ್. ಇಳುದ್ರೆ ಹುಲ್ಲು ಬತ್ತದೆ, ಹುಲ್ಲು ಬಂದ್ರೆ ಆನೆ ಬತ್ತದೆ’ ಎಂದ.

‘ಕಾಡೊಳಗೆ ಹುಲ್ಲಿಲ್ವೇನಪ್ಪಾ?’

‘ಒಳಗೆಲ್ಲಾ ಲಂಟಾನ ತುಂಬ್ಕೊಂಡದೆ. ಬಿಸ್ಲೇ ಬೀಳ್ದಿದ್ರೆ ಹುಲ್ಲು ಎಲ್ಲಿಂದ ಬರಬೇಕು ಸಾರ್? ಹಡ್ಲಲ್ಲಿ ಮಾತ್ರ ಒಸಿ ಉಳ್ಕಂಡದೆ.’

ಮಾತು ಸರಿಯಾಗಿದೆ. ಲಂಟಾನ ಎಂದರೆ ಹೊರಗಿನಿಂದ ಬಂದು ಪೊದೆಯಾಗಿ ಹಬ್ಬುವ ಕಳೆಗಿಡ. ಹಡ್ಲು ಎಂದರೆ ಕಾಡಿನ ತಗ್ಗುಗಳಲ್ಲಿರುವ ಜವುಗು ಬಯಲು. ನೀರು ನಿಂತು ಬೇರು ಕೊಳೆಯುವುದರಿಂದ ಮರ ಹಿಡಿಯದು, ಹುಲ್ಲು ಮಾತ್ರ ಉಳಿಯುತ್ತದೆ. ಕಾಟಿ, ಜಿಂಕೆಗಳು ಅಲ್ಲಿಗೆ ಬರುತ್ತವೆ. ಅದು ನೋಡಬೇಕೆಂದಿದ್ದರೆ ವೀರನಹೊಸಹಳ್ಳಿ ಅಥವಾ ನಾಣಚ್ಚಿ ಗೇಟಿನ ಕಡೆಯಿಂದ ಹೋಗಬೇಕು.

ಮಧ್ಯಾಹ್ನದ ಸಫಾರಿಯನ್ನೇ ಹಿಡಿಯಿರಿ. ಬಿಸಿಲು ತಗ್ಗಿದಂತೆ, ನಾಲ್ಕು ಗಂಟೆಯ ಆಸುಪಾಸಿಗೆ, ಹಿಂಡುಗಳು ಒಂದೊಂದಾಗಿ ಮರಗಳ ಮರೆಯಿಂದ ಬಯಲಿಗೆ ಇಳಿಯುತ್ತವೆ. ಮೋಟು ಹುಲ್ಲನ್ನು ಆನೆ ತಿನ್ನುವ ರೀತಿಯನ್ನು ನಿಂತು ನೋಡಲೇಬೇಕು. ಮುಂಗಾಲಿನ ಉಗುರಿನಿಂದ ಒದ್ದು ಬುಡ ಸಡಿಲಿಸಿ, ಸೊಂಡಿಲಿನಲ್ಲಿ ಗುಡ್ಡೆ ಮಾಡಿ, ಎತ್ತಿ ಮೊಣಕಾಲಿಗೆ ಬಡಿದು ಮಣ್ಣು ಉದುರಿಸಿದ ಮೇಲೆಯೇ ಬಾಯಿಗೆ. ಒದೆ, ಗುಡ್ಡೆ, ಬಡಿತ, ತುತ್ತು, ಮತ್ತೆ ಒದೆ. ಮರಿಗಳಿಗೆ ಇನ್ನೂ ಈ ಕೈಚಳಕ ಬಂದಿರುವುದಿಲ್ಲ. ಅವು ಸೊಂಡಿಲಿನಲ್ಲಿ ಸಿಕ್ಕ ಎರಡು ಎಳೆಯನ್ನು ಬೀಳಿಸಿಕೊಂಡು ತಾಯಿಯ ಬಾಯಿಗೇ ಸೊಂಡಿಲು ಹಾಕುತ್ತವೆ. ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು ಎಂಬುದು ನೆನಪಾದರೆ ಈ ದಡದ ಬೆಲೆ ಅರ್ಥವಾಗುತ್ತದೆ. ನಾಗರಹೊಳೆ, ಬಂಡೀಪುರ, ವಯನಾಡು ಮೂರೂ ಕಡೆಯ ಆನೆಗಳಿಗೆ ಬೇಸಗೆಯ ನೀರೂ ಮೇವೂ ಒಟ್ಟಿಗೆ ಸಿಗುವ ಜಾಗ ಇದು.

ಇಷ್ಟು ಎದುರಿಗಿರುವಾಗ ಹಿಂದಿನ ಸೀಟಿನವರು ‘ಹುಲಿ ಎಲ್ಲಿ, ಹುಲಿ ತೋರ್ಸಿ’ ಎಂದು ಹಟ ಹಿಡಿದರು. ಗಾಡಿ ಹೊರಟಿತು. ಹುಲಿಯೂ ಸಿಗಲಿಲ್ಲ, ವಾಪಸು ಬರುವಷ್ಟರಲ್ಲಿ ಬೆಳಕೂ ಉಳಿಯಲಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ. ಹತ್ತುವ ಮೊದಲೇ ಜೊತೆಯವರನ್ನು ಒಪ್ಪಿಸಿ, ದಡದಲ್ಲಿ ಅರ್ಧ ಗಂಟೆ ನಿಲ್ಲಿಸಲು ಚಾಲಕನಿಗೆ ಹೇಳಿಟ್ಟುಕೊಳ್ಳಿ. ನಿಂತ ಗಾಡಿಯ ಇಂಜಿನ್ ಆರಿಸಿರಲಿ. ಇಂಜಿನ್ನಿನ ನಡುಕಕ್ಕೆ ದೊಡ್ಡ ಲೆನ್ಸಿನ ಚಿತ್ರ ಮಸುಕಾಗುತ್ತದೆ. ಅಕ್ಕಿ ತುಂಬಿದ ಬಟ್ಟೆಯ ಚೀಲವನ್ನು ಕಂಬಿಯ ಮೇಲಿಟ್ಟು ಲೆನ್ಸು ಊರಿದರೆ ಕೈ ಅಲುಗದು. ಗಾಡಿಯಲ್ಲಿ ಲೆನ್ಸು ಬದಲಿಸಬೇಡಿ, ದೂಳು ಒಳಗೆ ಹೊಕ್ಕರೆ ಹೋಗದು. ಆನೆ ಕಿವಿಯಗಲಿಸಿ ನಿಮ್ಮತ್ತ ತಿರುಗಿ ನಿಂತರೆ, ಅಥವಾ ಗಂಡಾನೆಯ ಕೆನ್ನೆಯ ಮೇಲೆ ಮದದ ಕಪ್ಪು ಗೆರೆ ಇಳಿದಿದ್ದರೆ, ಮಾತು ನಿಲ್ಲಿಸಿ ಚಾಲಕನಿಗೆ ಬಿಟ್ಟುಬಿಡಿ.

ಕಾಡಿನೊಳಗಿನ ಮಾನಂದವಾಡಿ ರಸ್ತೆಯಲ್ಲಿ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಸಂಚಾರವಿಲ್ಲ. ಸಫಾರಿ ಮುಗಿಸಿ ಕೇರಳದ ಕಡೆಗೆ ಹೋಗುವ ಯೋಚನೆ ಬೇಡ. ಹುಲಿ ದಾಳಿಗಳ ಕಾರಣ 2025ರ ನವೆಂಬರ್‌ನಲ್ಲಿ ಸಫಾರಿಯನ್ನೇ ನಿಲ್ಲಿಸಿದ್ದುಂಟು, ಆದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಮಳೆಯನ್ನೂ ವಿಚಾರಿಸಿ. ಮೇ ತಿಂಗಳಲ್ಲಿ ಎರಡು ಹದ ಮಳೆ ಬಿದ್ದರೆ ಕಾಡೊಳಗೇ ಹುಲ್ಲು ಚಿಗುರಿ ಹಳ್ಳಗಳಲ್ಲಿ ನೀರು ನಿಲ್ಲುತ್ತದೆ, ಆನೆಗಳು ಚದುರಿ ಒಳಗೆ ಹೋಗುತ್ತವೆ. ಕೋಟೆಯ ಕಡೆ ಜೋರು ಮಳೆಯಾದ ಸುದ್ದಿ ಬಂದರೆ ಪ್ರವಾಸವನ್ನು ಮುಂದಿನ ವರ್ಷದ ಬೇಸಗೆಗೆ ಹಾಕಿಕೊಳ್ಳುವುದೇ ಸರಿ.